ಅಪ್‌ಡೇಟ್: ಪ್ಯಾಂಟೊಪ್ರಜೋಲ್ ತಗೊಂಡರೂ ಅಮ್ಮನಿಗೆ ರಾತ್ರಿ ಎದೆಯುರಿ

ಹೊಟ್ಟೆಯ ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಕೊಟ್ಟರೂ ಅಮ್ಮನಿಗೆ ರಾತ್ರಿ ಹುಳಿತೇಗು ನಿಲ್ಲುತ್ತಿಲ್ಲ ಎಂದು ಕೇಳಿದ್ದೆ. ಉಡುಪಿಯಲ್ಲಿ ತಜ್ಞರಿಗೆ ತೋರಿಸಿದ್ದಾಯ್ತು. ನಿಮ್ಮಲ್ಲಿ ಹಲವರು ಹೇಳಿದ್ದೇ ಸರಿ, ಮೊದಲು ನೋಡಬೇಕಾದ್ದು ಮಾತ್ರೆಯ ಹೊತ್ತು.

ಹೊಟ್ಟೆಯ ಒಳಪದರದಲ್ಲಿ ಆ್ಯಸಿಡ್ ಸುರಿಸುವ ಪಂಪುಗಳು ಕೆಲಸಕ್ಕಿಳಿದಾಗ ಮಾತ್ರ ಈ ಮದ್ದು ಅವನ್ನು ಹಿಡಿಯುತ್ತದೆ. ಅವು ಚುರುಕಾಗುವುದು ಆಹಾರ ಬಿದ್ದಾಗ. ಮದ್ದೋ ರಕ್ತದಲ್ಲಿ ಕೆಲವೇ ಗಂಟೆ ಇರುತ್ತದೆ. ಹಾಗಾಗಿ ಬೆಳಗಿನ ನೀರುದೋಸೆಗೆ 30ರಿಂದ 60 ನಿಮಿಷ ಮೊದಲು, ಇಡೀ ಮಾತ್ರೆ, ಪುಡಿ ಮಾಡದೆ. ಊಟ ಮುಗಿಸಿ ಮಲಗುವಾಗ ನುಂಗಿದರೆ ಪರಿಣಾಮ ಬಹಳ ಕಡಿಮೆ. 8 ವಾರ ಸರಿಯಾಗಿ ಕೊಡದೆ ಮದ್ದು ಹಿಡಿಯಲಿಲ್ಲ ಎನ್ನಬಾರದು.

ರಾತ್ರಿಯ ತೊಂದರೆಗೆ ಮಂಚದ ತಲೆಕಡೆಯ ಕಾಲುಗಳಡಿ 6ರಿಂದ 8 ಇಂಚಿನ ಮರದ ತುಂಡು ಇಡಬೇಕು. ತಲೆದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗಿದರೆ ಅನ್ನನಾಳ ಹೊಟ್ಟೆ ಸೇರುವ ಬಾಯಿ ಆ್ಯಸಿಡ್‌ನ ಮಟ್ಟಕ್ಕಿಂತ ಮೇಲಿರುತ್ತದೆ. ಊಟ ಮಲಗುವ 3 ಗಂಟೆ ಮೊದಲೇ ಆಗಲಿ. ದಪ್ಪ ಇದ್ದವರಿಗೆ ತೂಕ ಇಳಿಸುವುದು ನಿಜಕ್ಕೂ ಫಲ ಕೊಡುತ್ತದೆ. ಹುಳಿಖಾರದ ಪುಳಿಮುಂಚಿ, ಕರಿದ ಗೋಳಿಬಜೆ ಎಲ್ಲರೂ ಬಿಡಬೇಕೆಂಬುದಕ್ಕೆ ಆಧಾರ ಗಟ್ಟಿಯಿಲ್ಲ. ಯಾವುದರಿಂದ ಉರಿಯೋ ಅದನ್ನಷ್ಟೇ ಬಿಟ್ಟರೆ ಸಾಕು.

ಈ ಮಾತ್ರೆ ದೀರ್ಘಕಾಲ ತಗೊಂಡರೆ ಹಾನಿ ಎಂಬ ಭಯದ ಬಗ್ಗೆ: 2019ರಲ್ಲಿ ಪ್ರಕಟವಾದ, 17,000ಕ್ಕೂ ಹೆಚ್ಚು ಜನರ ಸುಮಾರು 3 ವರ್ಷದ ಪರೀಕ್ಷೆಯಲ್ಲಿ ಪ್ಯಾಂಟೊಪ್ರಜೋಲ್‌ನಿಂದ ಸ್ಪಷ್ಟವಾಗಿ ಹೆಚ್ಚಾದದ್ದು ಕರುಳಿನ ಸೋಂಕು ಮಾತ್ರ. ಆದರೂ ವರ್ಷಗಟ್ಟಲೆ ಕೇಳದೆ ನುಂಗುವುದು ಬೇಡ. ನಿಲ್ಲಿಸಿದ ಮೊದಲ ವಾರಗಳಲ್ಲಿ ಆ್ಯಸಿಡ್ ಮರುಕಳಿಸಿ ಉರಿ ಏರಬಹುದು, ಅಷ್ಟಕ್ಕೇ ರೋಗ ಮರಳಿತು ಎಂದುಕೊಳ್ಳಬಾರದು.

ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ಕಾಯದೆ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಿ.