ಅಪ್‌ಡೇಟ್: ಕಾರಿಗೆ ಸೈಕಲ್ ರ್ಯಾಕ್ ಕೂರಿಸಿದ್ದಾಯ್ತು

ಹ್ಯಾಚ್‌ಬ್ಯಾಕ್ ಕಾರಿಗೆ ಡಿಕ್ಕಿ ರ್ಯಾಕ್ ಒಳ್ಳೆಯದಾ, ರೂಫ್ ರ್ಯಾಕ್ ಒಳ್ಳೆಯದಾ ಅಂತ ಕೇಳಿದ್ದೆನಲ್ಲ, ಕೊನೆಗೆ ರೂಫಿನದ್ದೇ ಹಾಕಿಸಿದೆ. ಡಿಕ್ಕಿ ರ್ಯಾಕನ್ನು ಬೆಲ್ಟ್ ಹಾಕಿ ಬಿಗಿಯಬೇಕು; ನಮ್ಮ ಡಿಕ್ಕಿಯ ಮೇಲಂಚಿಗೆ ಪ್ಲಾಸ್ಟಿಕ್ ಸ್ಪಾಯ್ಲರ್ (ರೆಕ್ಕೆಯಂಥ ಪಟ್ಟಿ) ಇದೆ, ಬೆಲ್ಟ್ ಎಳೆತಕ್ಕೆ ಅದು ತಡೆಯುವುದಿಲ್ಲ. ಅಲ್ಲಿ ಸೈಕಲ್ ಕಟ್ಟಿದರೆ ನಂಬರ್ ಪ್ಲೇಟ್, ಹಿಂದಿನ ಲೈಟ್ ಕೂಡ ಮುಚ್ಚಿಹೋಗುತ್ತವೆ.

ಕೂರಿಸುವ ಮೊದಲು ರೂಫನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ರಬ್ಬರ್ ಪ್ಯಾಡಿನ ಅಡಿ ಸ್ವಲ್ಪ ಮರಳು ಉಳಿದರೂ ಪೇಂಟ್ ಗೀರುತ್ತದೆ. ಎರಡೂ ಬದಿಯ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದೇ ಕಡೆ ಎಳೆದರೆ ರೂಫಿಗೆ ಅಡ್ಡ ಕೂರುವ ಬಾರ್ ಓರೆಯಾಗುತ್ತದೆ. ಮಂಗಳೂರಿಂದ ಮಲ್ಪೆಗೆ ಹೊರಟವನು ಸುರತ್ಕಲ್‌ನಲ್ಲಿ ನಿಲ್ಲಿಸಿ ನೋಡಿದೆ, ಸೈಕಲ್ಲಿನ ಮುಂದಿನ ಚಕ್ರಕ್ಕೆ ಕಟ್ಟಿದ ಪಟ್ಟಿ ಸಡಿಲವಾಗಿತ್ತು. ಹಾಗಾಗಿ ದಾರಿಯಲ್ಲಿ ಒಮ್ಮೆ ನೋಡಲೇಬೇಕು.

ಸೈಕಲ್ ಸೇರಿ ಎತ್ತರ 2.5 ಮೀಟರ್ ದಾಟುತ್ತದೆ, ಮಾಲಿನ ಬೇಸ್‌ಮೆಂಟಿಗೆ ಇಳಿಸಬೇಡಿ. ನಮ್ಮ ಉಪ್ಪುಗಾಳಿಗೆ ತುಕ್ಕು ಜಾಸ್ತಿ, ಮಳೆಗಾಲದಲ್ಲಿ ಬಿಚ್ಚಿಡುವುದೇ ವಾಸಿ.