ಅಪ್ಪಂದಿರಿಗೆ ಒಂದೂವರೆ ಗಂಟೆ: ಮನೋವೈದ್ಯರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ರಾತ್ರಿ 9ರಿಂದ 10:30ರವರೆಗೆ ಡಾಕ್ಟರ್ ಮೇಡಂ ನಮ್ಮ ಜೊತೆ ಇರುತ್ತಾರೆ. ಮಗು ನೋಡಿಕೊಳ್ಳುವ ಅಪ್ಪ ತನ್ನನ್ನೂ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ನಿಮ್ಮ ಹೆಸರು ಬೇಡ, ಮಗುವಿನ ಮುದ್ದು ಹೆಸರು, ಊರು ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪುಟ್ಟಿ ಅಪ್ಪ, ತುಮಕೂರು: ಮೇಡಂ, ಮಗಳಿಗೆ ಎಂಟು ತಿಂಗಳು. ಸಂಜೆ ಒಂದು ಗಂಟೆ ಜಿಮ್‌ಗೆ ಹೋಗುತ್ತೇನೆ. ಹೋದರೆ ಹೆಂಡತಿಯ ಮುಖ ನೋಡೋಕಾಗಲ್ಲ. ಹೋಗದಿದ್ದರೆ ಮೈ ಕೈ ಎಲ್ಲ ಹಿಡಿದುಕೊಂಡ ಹಾಗೆ. ನಾನು ಮಾಡುತ್ತಿರುವುದು ತಪ್ಪಾ?

ಡಾಕ್ಟರ್: ತಪ್ಪಲ್ಲ. ಅವರಿಗೂ ದಿನಕ್ಕೆ ಒಂದು ಗಂಟೆ ಸಿಗುತ್ತಿದೆಯಾ? ಆ ಹೊತ್ತು ಮಗು ನಿಮ್ಮ ಹತ್ತಿರ ಇರಬೇಕು, ನಿಮ್ಮ ಅಮ್ಮನ ಹತ್ತಿರ ಅಲ್ಲ.

ಚಿನ್ನು ಅಪ್ಪ, ಶಿರಸಿ: ಅಶ್ವಗಂಧ ತಗೊಂಡರೆ ಟೆನ್ಶನ್ ಇಳಿಯುತ್ತಂತೆ ಅಲ್ವಾ?

ಡಾಕ್ಟರ್: ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಲಿವರ್ ತೊಂದರೆ ಇರುವವರು ಮುಟ್ಟಬೇಡಿ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳಿವೆ. ಉಳಿದವರೂ ವೈದ್ಯರನ್ನು ಕೇಳದೆ ಬೇಡ.

ಅಡ್ಮಿನ್: ಒಬ್ಬರು ಊರೂ ಹೇಳಬೇಡಿ ಅಂತ ನನಗೆ ಕಳಿಸಿದ್ದು: "ಮಗನಿಗೆ ಮೂರು ತಿಂಗಳು. ಹೆಂಡತಿ ಬಾಣಂತನಕ್ಕೆ ತವರಲ್ಲಿದ್ದಾಳೆ. ನಾನು ಬೆಂಗಳೂರಲ್ಲಿ, ಪಾಳಿ ಕೆಲಸ. ಶನಿವಾರ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸ್. ಎತ್ತಿಕೊಂಡರೆ ಮಗು ಅಳುತ್ತೆ. ಮಲಗಿದರೂ ಮೂರು ಗಂಟೆಗೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಒಂದು ಪೆಗ್ ಇದ್ದದ್ದು ಈಗ ದಿನಾ ಕ್ವಾರ್ಟರ್ ಆಗಿದೆ. ಎಲ್ಲರ ಮೇಲೂ ಸಿಟ್ಟು. ಹೋದ ವಾರ ಇನ್ಶೂರೆನ್ಸ್, ಪಿಎಫ್ ಕಾಗದ ಎಲ್ಲ ಒಂದೇ ಫೈಲಿಗೆ ಹಾಕಿ, ಮೇಲೆ ಹೆಂಡತಿ ಹೆಸರು ಬರೆದಿಟ್ಟೆ. ನಿದ್ದೆಗೆ ಯಾವ ಮಾತ್ರೆ ಒಳ್ಳೆಯದು?"

ಡಾಕ್ಟರ್: ಉಳಿದವರು ಸ್ವಲ್ಪ ತಡೆಯಿರಿ.

ನೀವು ಕೇಳಿದ್ದು ಮಾತ್ರೆ. ನನ್ನ ಕಣ್ಣು ನಿಂತಿದ್ದು ಆ ಫೈಲಿನ ಮೇಲೆ. ಅಪ್ಪ ಆದವರು ಕಾಗದ ಪತ್ರ ಜೋಡಿಸಿಡುತ್ತಾರೆ, ಸರಿ. ಆದರೆ ಮೂರು ಗಂಟೆಯ ಎಚ್ಚರ, ಕುಡಿತ, ಸಿಟ್ಟು, ಇವುಗಳ ಜೊತೆ ಆ ಫೈಲೂ ಇದ್ದರೆ ನೇರವಾಗಿಯೇ ಕೇಳುತ್ತೇನೆ. ಸಾಯಬೇಕು ಅನ್ನಿಸುತ್ತಿದೆಯಾ? ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಅನ್ನಿಸುತ್ತಾ? ಹೀಗೆ ಕೇಳಿದರೆ ಇಲ್ಲದ ಹುಳ ತಲೆಗೆ ಬಿಟ್ಟ ಹಾಗಾಗುತ್ತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ.

ಹೌದು ಅನ್ನುವುದಾದರೆ ನಾಳೆಗೆ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ರೂಮಿನಲ್ಲಿ ಒಬ್ಬರೇ ಇರಬೇಡಿ, ಯಾರನ್ನಾದರೂ ಕರೆಸಿಕೊಳ್ಳಿ. ತಡೆಯೋಕೆ ಆಗುತ್ತಿಲ್ಲ ಅನ್ನಿಸಿದರೆ ಸೀದಾ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಹೋಗಿ, ಅಥವಾ 112.

ಬಾಣಂತಿಯರ ಖಿನ್ನತೆ ನಿಮಗೆಲ್ಲ ಗೊತ್ತು. ಅಪ್ಪಂದಿರಿಗೂ ಅದು ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೆ ಬಂದಿದೆ, ಮಗುವಿಗೆ ಮೂರರಿಂದ ಆರು ತಿಂಗಳಾದಾಗ ಜಾಸ್ತಿ. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಸಿಟ್ಟಾಗಿ, ಬಾಟಲಿಯಾಗಿ, ಬೇಕಂತಲೇ ಮಾಡುವ ಓವರ್‌ಟೈಮಾಗಿ ಬರುತ್ತದೆ. ಆಮೇಲೆ, ಮೂರು ತಿಂಗಳ ಕೂಸು ನಿಮ್ಮನ್ನು ಬೇಡ ಅಂತ ಅಳುತ್ತಿಲ್ಲ. ಹೊಸಬರನ್ನು ಕಂಡು ಅಳುವುದು ಸಾಮಾನ್ಯವಾಗಿ ಆರು ತಿಂಗಳಾದ ಮೇಲೆ. ನಿಮ್ಮನ್ನು ಬೇಡ ಅನ್ನುವಷ್ಟು ಬುದ್ಧಿ ಅದಕ್ಕಿನ್ನೂ ಬಂದಿಲ್ಲ.

ಈಗ ಮಾತ್ರೆ. ಕುಡಿತದ ಮೇಲೆ ನಿದ್ದೆ ಮಾತ್ರೆ ಬಿದ್ದರೆ ಉಸಿರೇ ನಿಲ್ಲಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಲೇಬೇಡಿ. ಕುಡಿತ ಬೇಗ ಮಲಗಿಸುತ್ತದೆ, ಅರ್ಧ ರಾತ್ರಿಗೆ ಎಬ್ಬಿಸುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರಕ್ಕೆ ಅದೂ ಒಂದು ಕಾರಣ.

ರಾಜು ಅಪ್ಪ, ಹಾಸನ: ತಪ್ಪು ತಿಳಿಯಬೇಡಿ ಮೇಡಂ. ನಮ್ಮಪ್ಪ ಐದು ಮಕ್ಕಳನ್ನು ಸಾಕಿದರು. ಇಂಥ ಯಾವ ಕಾಯಿಲೆಯೂ ಇರಲಿಲ್ಲ.

ಅವಳಿ ಅಪ್ಪ, ಕಲಬುರಗಿ: ಸಾಕಿದ್ದು ನಿಮ್ಮಪ್ಪನೋ ನಿಮ್ಮಮ್ಮನೋ? ಐದರಲ್ಲಿ ಒಂದಕ್ಕಾದರೂ ಅವರು ಕುಂಡಿ ತೊಳೆದಿದ್ದರಾ?

ರಾಜು ಅಪ್ಪ, ಹಾಸನ: ಹಿರಿಯರ ಬಗ್ಗೆ ಮಾತು ನೆಟ್ಟಗಿರಲಿ.

ಗುಂಡನ ಅಮ್ಮ, ಮಂಡ್ಯ: ಗಂಡನ ಫೋನಿಂದ ಬರೆಯುತ್ತಿದ್ದೇನೆ. ಇವರು ಈ ಗ್ರೂಪ್ ಓದುತ್ತಾ ಬಾತ್‌ರೂಮಿನಲ್ಲಿ ಮುಕ್ಕಾಲು ಗಂಟೆ ಕೂರುತ್ತಾರೆ. ತಮ್ಮನ್ನು ತಾವು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ಅವಳಿ ಅಪ್ಪ, ಕಲಬುರಗಿ: 😂😂

ಪುಟ್ಟಿ ಅಪ್ಪ, ತುಮಕೂರು: ರಜೆ ಇದ್ದರೆ ತಾನೇ ಮಗು ನೋಡೋದು? ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನೇ ಇಲ್ಲ, ಕಂಪನಿ ಕೊಟ್ಟಿದ್ದೇ ಪ್ರಸಾದ. ನನಗೆ ಸಿಕ್ಕಿದ್ದು ಮೂರು ದಿನ.

ರಾಜು ಅಪ್ಪ, ಹಾಸನ: 15 ದಿನ ಕೊಟ್ಟರೂ ಮೊಬೈಲ್ ತಾನೇ ನೋಡುವುದು.

ಮುನ್ನಿ ಅಪ್ಪ, ದಾವಣಗೆರೆ: ಮಗಳಿಗೆ ಎರಡು ತಿಂಗಳು. ಸಂಜೆ ಶುರು ಮಾಡಿದರೆ ಎರಡು ಗಂಟೆ ಅಳು. ನಿನ್ನೆ ಹಿಡಿದು ಅಲ್ಲಾಡಿಸಿಬಿಡೋಣ ಅನ್ನಿಸಿತು. ಆಮೇಲೆ ನಾನೇ ಅತ್ತೆ.

ಡಾಕ್ಟರ್: ಹೇಳಿದ್ದು ಒಳ್ಳೆಯದಾಯಿತು. ಅಲ್ಲಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಹಾಗೆ ಅನ್ನಿಸಿದ ಕೂಡಲೇ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹೊರಗೆ ಬನ್ನಿ. ಐದು ಹತ್ತು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ನೀರು ಕುಡಿದು ಮತ್ತೆ ಹೋಗಿ.

ಬಂಟಿ ಅಪ್ಪ, ಹುಬ್ಬಳ್ಳಿ: ಮೇಡಂ, ನಿದ್ದೆಗೆ ಮಾತ್ರೆ?

ಡಾಕ್ಟರ್: ಮೇಲೆ ಓದಿ.

ಚಿನ್ನು ಅಪ್ಪ, ಶಿರಸಿ: ಮಗ ಮೊಬೈಲ್ ಕೊಡದೆ ಊಟ ಮಾಡುವುದಿಲ್ಲ. ಏನು ಮಾಡಲಿ?

ರಾಜು ಅಪ್ಪ, ಹಾಸನ: ಫಾರ್ವರ್ಡ್ ಆಗಿ ಬಂದದ್ದು, ಆ ಕುಡಿಯುವ ಅಣ್ಣನಿಗೆ: "ಒಂದೇ ವಾರದಲ್ಲಿ ಕುಡಿತ ಬಿಡಿಸುವ ಗಿಡಮೂಲಿಕೆ ಪುಡಿ. ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಕಲಸಿ ಕೊಡಿ."

ಡಾಕ್ಟರ್: ಅಡ್ಮಿನ್, ಅದನ್ನು ತೆಗೆಯಿರಿ. ಇಂಥ ಪುಡಿಯಲ್ಲಿ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಔಷಧ ಬೆರೆಸಿದ್ದರೆ, ಅದರ ಮೇಲೆ ಕುಡಿದವನ ಬಿಪಿ ಬಿದ್ದು ಜೀವಕ್ಕೇ ಅಪಾಯ. ಹೇಳದೆ ಕೊಡುವುದು ಔಷಧ ಅಲ್ಲ, ಮೋಸ. ಇನ್ನೊಂದು. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು. ಆ ಫೈಲಿನ ಮೆಸೇಜ್ ಕಳಿಸಿದವರು ಹಟಕ್ಕೆ ಬಿದ್ದು ಒಬ್ಬರೇ ನಿಲ್ಲಿಸಬೇಡಿ, ವೈದ್ಯರು ನೋಡಲಿ.

ರಾಜು ಅಪ್ಪ, ಹಾಸನ: ಒಳ್ಳೆಯದಕ್ಕೇ ಹಾಕಿದ್ದು. ಆಯುರ್ವೇದ ಅಂದರೆ ನಿಮಗೆಲ್ಲ ಆಗಲ್ಲ.

ಡಾಕ್ಟರ್: ಅದು ಆಯುರ್ವೇದ ಅಂತ ಯಾರು ಹೇಳಿದ್ದು? ಹೆಸರಿಲ್ಲದ ಪೊಟ್ಟಣ ಅದು. ಸಾಕು.

ಅವಳಿ ಅಪ್ಪ, ಕಲಬುರಗಿ: ಹಾಸನದವರನ್ನು ಗ್ರೂಪಿನಿಂದ ತೆಗೆಯಿರಿ.

ರಾಜು ಅಪ್ಪ, ಹಾಸನ: ನೀನು ಯಾರು ಹೇಳೋಕೆ?

ಡಾಕ್ಟರ್: ಅಡ್ಮಿನ್, ಜಗಳ ಆಮೇಲೆ. ಆ ಫೈಲಿನ ಮೆಸೇಜ್ ಕಳಿಸಿದವರು ನನ್ನ ಉತ್ತರ ನೋಡಿದರಾ?

ಅಡ್ಮಿನ್: ನೀಲಿ ಟಿಕ್ ಬಂದಿದೆ ಮೇಡಂ. ಉತ್ತರ ಇಲ್ಲ.

ಡಾಕ್ಟರ್: ಹಾಗಾದರೆ ಟೈಪ್ ಮಾಡುತ್ತಾ ಕೂರಬೇಡಿ. ಫೋನ್ ಮಾಡಿ. ಈಗಲೇ.

ಬಂಟಿ ಅಪ್ಪ, ಹುಬ್ಬಳ್ಳಿ: ಮೇಲೆ ಅಂದರೆ ಎಲ್ಲಿ ಮೇಡಂ? ಸಿಗುತ್ತಿಲ್ಲ.

ಅಡ್ಮಿನ್: ಎರಡನೇ ಸಲಕ್ಕೆ ಎತ್ತಿದರು. ಭಾಮೈದ ಯಲಹಂಕದಲ್ಲಿದ್ದಾನಂತೆ, ಬೈಕಿನಲ್ಲಿ ಹೊರಟಿದ್ದಾನೆ. ನಾನು ಇನ್ನೊಂದು ಫೋನಿನಲ್ಲಿ ಅವರ ಜೊತೆ ಲೈನಿನಲ್ಲೇ ಇದ್ದೇನೆ.

ಡಾಕ್ಟರ್: ಅವನು ಬಾಗಿಲು ತಟ್ಟುವವರೆಗೆ ಫೋನ್ ಇಡಬೇಡಿ. ನಂಬರ್ ನನಗೂ ಕಳಿಸಿ.

ಅಡ್ಮಿನ್: ಕಳಿಸಿದೆ. ಗ್ರೂಪ್ ಲಾಕ್ ಮಾಡುತ್ತಿದ್ದೇನೆ. ಉಳಿದ ಪ್ರಶ್ನೆ ಮುಂದಿನ ಸಲ.