ಪದಚರ್ಚೆ: ‘ಬೇಸ್‌ಬೋರ್ಡ್ ಹೀಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ದಾವಣಗೆರೆಯಿಂದ:
ಅಮೆರಿಕದ ಚಳಿ ಸೀಮೆಯ ಹಳೇ ಮನೆಗಳ ರಿಪೇರಿ ಕೈಪಿಡಿಯೊಂದರ ಅನುವಾದ ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಬೀಡುಕಬ್ಬಿಣದ ಬಿಸಿನೀರಿನ ರೇಡಿಯೇಟರ್ ಕಿತ್ತು, ಗೋಡೆಯ ಬುಡದುದ್ದಕ್ಕೂ ಬೇಸ್‌ಬೋರ್ಡ್ ಕೂರಿಸುವ ಅಧ್ಯಾಯ. ಒಳಗೆ ಮುಕ್ಕಾಲಿಂಚಿನ ತಾಮ್ರದ ಪೈಪು, ಅದಕ್ಕೆ ಒತ್ತೊತ್ತಾಗಿ ಪೋಣಿಸಿದ ಅಲ್ಯೂಮಿನಿಯಂ ಬಿಲ್ಲೆಗಳು, ಮುಂದೆ ತಗಡಿನ ಹೊದಿಕೆ. ರೇಡಿಯೇಟರಿಗೆ ‘ವಿಕಿರಕ’ ಎಂದು ಹಾಕಿದ್ದೇನೆ. ಬೇಸ್‌ಬೋರ್ಡಿಗೆ?

ಚಿತ್ರದುರ್ಗದಿಂದ:
‘ವಿಕಿರಕ’ ತೆಗೆಯಿರಿ. ಅರ್ಥವೇ ತಪ್ಪು. ಅದು ಕಿರಣ ಬೀರುವುದಕ್ಕಿಂತ ಗಾಳಿಯನ್ನು ಕಾಯಿಸಿ ಮೇಲಕ್ಕೆ ಕಳಿಸುವುದೇ ಹೆಚ್ಚು. ನಮ್ಮಲ್ಲಿ ‘ಕಾಯ್’ ಧಾತು ಇದೆ: ಕಾಯಿಸು, ಕಾವು, ನಿಮ್ಮೂರ ಬೆಣ್ಣೆದೋಸೆಯ ಕಾವಲಿ. ಬುಡ, ಕಾವು ಸೇರಿ ‘ಬುಡಗಾವು’. ಆದೇಶ ಸಂಧಿ, ಮುಗಿಯಿತು.

ಹರಿಹರದಿಂದ:
‘ಬುಡಗಾವು ಕೂರಿಸಿ’ ಎಂದು ಓದಿದ ಫಿಟ್ಟರ್ ಏನನ್ನು ಕೂರಿಸಬೇಕು? ಗೋಡೆಬುಡದ ಟೈಲ್ಸ್ ಪಟ್ಟಿಗೆ ಗಾರೆಯವರು ‘ಸ್ಕರ್ಟಿಂಗ್’ ಅನ್ನುತ್ತಾರೆ. ‘ಸ್ಕರ್ಟಿಂಗ್ ಹೀಟರ್’ ಎಂದರೆ ಜಾಗವೂ ಕೆಲಸವೂ ತಿಳಿಯಿತು. ರೇಡಿಯೇಟರ್ ಹಾಗೇ ಇರಲಿ, ಲಾರಿಯ ದೆಸೆಯಿಂದ ಎಲ್ಲರಿಗೂ ಗೊತ್ತು.

ಅದಕ್ಕಿಂತ ಮುಖ್ಯ, ಅಧ್ಯಾಯದಲ್ಲಿ ಲೆಕ್ಕ ಸರಿಯಿದೆಯೇ ನೋಡಿ. ನೀರು 180 ಡಿಗ್ರಿ ಫ್ಯಾರನ್‌ಹೀಟ್ (82 ಸೆಲ್ಸಿಯಸ್) ಇದ್ದಾಗ ಒಂದಡಿ ಬಿಲ್ಲೆಪೈಪಿನಿಂದ ಗಂಟೆಗೆ ಸುಮಾರು 500–600 ಬಿಟಿಯು (ಶಾಖದ ಅಳತೆ) ಸಿಗುತ್ತದೆ. 6,000 ಬೇಕಾದ ಕೋಣೆಗೆ 10ರಿಂದ 12 ಅಡಿ. ನೀರು 140 ಡಿಗ್ರಿಗೆ ಇಳಿದರೆ ಅಡಿಗೆ ಸಿಗುವ ಶಾಖ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಳೇ ರೇಡಿಯೇಟರ್ ದೊಡ್ಡದಾದ್ದರಿಂದ ಆ ಬಿಸಿಯಲ್ಲೂ ನಡೆಯುತ್ತಿತ್ತು. ಬಾಯ್ಲರ್ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಹೊಸತು ಕೋಣೆಯನ್ನು ಕಾಯಿಸದು.

ನೆಲದ ತೂತು ಪೈಪಿಗಿಂತ ಅಗಲ ಇರಲಿ. ಬಿಗಿಯಾದರೆ ತಾಮ್ರ ಹಿಗ್ಗುವಾಗಲೆಲ್ಲ ಟಕಟಕ ಸದ್ದು. ಏರ್ ಹಿಡಿದರೆ ನೀರು ಸುತ್ತುವುದಿಲ್ಲ, ಅದನ್ನು ಬಿಡಲು ವಾಲ್ವ್ ಬೇಕು. ಒಂದೇ ಥರ್ಮೋಸ್ಟಾಟಿನ (ಬಿಸಿ ನೋಡಿಕೊಂಡು ಹೀಟಿಂಗ್ ಶುರುಮಾಡಿ ನಿಲ್ಲಿಸುವ ಸಾಧನದ) ಲೈನಿನಲ್ಲಿ ಹಳೇ ರೇಡಿಯೇಟರನ್ನೂ ಬಿಲ್ಲೆಪೈಪನ್ನೂ ಬೆರೆಸಬಾರದು. ಬೀಡು ನಿಧಾನಕ್ಕೆ ಕಾದು ಬಹಳ ಹೊತ್ತು ಕಾವು ಹಿಡಿದಿರುತ್ತದೆ, ಬಿಲ್ಲೆಪೈಪು ಬೇಗ ಆರುತ್ತದೆ. ಒಂದು ಕೋಣೆ ಸೆಕೆ, ಇನ್ನೊಂದು ಚಳಿ.

ಚಿತ್ರದುರ್ಗದಿಂದ:
ಬೀಡು, ಬಿಲ್ಲೆ, ಕಾವು, ಆರು, ಹಿಗ್ಗು. ಕೆಲಸವನ್ನೆಲ್ಲ ಕನ್ನಡದಲ್ಲೇ ವಿವರಿಸಿದಿರಿ. ಹೆಸರಿಗೆ ಮಾತ್ರ ಸಾಲ ಏಕೆ? ಹೀಗೇ ಬಿಟ್ಟುಕೊಟ್ಟರೆ ನಮಗೆ ಕ್ರಿಯಾಪದಗಳಷ್ಟೇ ಉಳಿಯುತ್ತವೆ.

ಹರಿಹರದಿಂದ:
ಸರ್ಕಾರಿ ಕಾಗದದಲ್ಲಿ ಕೊಳವೆಬಾವಿ, ಜಗಳೂರಿನ ರೈತ ಕೊರೆಸುವುದು ಬೋರು. ಎರಡೂ ಕನ್ನಡವೇ. ಬಳಸುವವನ ಬಾಯಲ್ಲಿ ನಿಲ್ಲದ ಪದವನ್ನು ನಿಘಂಟಿಗೆ ಸೇರಿಸಿ, ಕೈಪಿಡಿಗೆ ಬೇಡ.

ದಾವಣಗೆರೆಯಿಂದ:
‘ವಿಕಿರಕ’ ತೆಗೆದೆ. ‘ಗೋಡೆಬುಡದ ಹೀಟರ್’ ಎಂದಿಡುತ್ತೇನೆ, ಮೊದಲ ಸಲ ಪಕ್ಕದಲ್ಲಿ ‘ಸ್ಕರ್ಟಿಂಗ್’ ಕೂಡ. ಹಬೆಯ ರೇಡಿಯೇಟರ್ ಇರುವ ಮನೆಗೂ ಇದೇ ಕ್ರಮವೇ?

ಹರಿಹರದಿಂದ:
ಅಲ್ಲ. ಒಂದೇ ಪೈಪಿನಲ್ಲಿ ಹಬೆ ಏರಿ, ತಣಿದ ನೀರು ಅದರಲ್ಲೇ ಇಳಿಯುವ ಮನೆಗಳಿಗೆ ಬಿಲ್ಲೆಪೈಪು ಹೊಂದುವುದಿಲ್ಲ. ‘ಬಿಸಿನೀರಿನ ಲೈನಿಗೆ ಮಾತ್ರ’ ಎಂದು ಅಧ್ಯಾಯದ ತಲೆಬರಹದಲ್ಲೇ ಹಾಕಿ.